ಭಾವ ಕಡೆದ ಚಮಚಗಳು

ನನ್ನ ಅಕ್ಕನ ಗಂಡ ಬಟ್ಟೆ ಅಂಗಡಿಯಲ್ಲಿ ಅಳೆದು ಕತ್ತರಿಸಿ ಕೊಡುವ ಕೆಲಸದವರು. ಅಂಗಡಿಯಲ್ಲಿ ಅವರದು ಧಾರಾಳದ ಕೈ. ಯಾರು ಎಷ್ಟೇ ಬಟ್ಟೆ ಕೇಳಲಿ, ನಾಲ್ಕು ಬೆರಳು ಹೆಚ್ಚಿಗೆ ಬಿಟ್ಟೇ ಕತ್ತರಿ ಆಡಿಸುತ್ತಿದ್ದರು. ಹೊಲಿಗೆ ಕೆಲಸಕ್ಕೆಂದು ಅಲ್ಲಿಗೆ ಬಟ್ಟೆ ಕೊಳ್ಳಲು ಹೋಗುತ್ತಿದ್ದ ಅಕ್ಕನಿಗೆ ಆ ನಾಲ್ಕು ಬೆರಳು ಗೇಣಾಗಿ, ಗೇಣು ಮೊಳವಾಗಿ, ಕೊನೆಗೆ ಮದುವೆಯೇ ಆಗಿಹೋಯಿತು. ಅದೇ ಮನುಷ್ಯ ಮನೆಗೆ ಬಂದು ಹಿಂದಿನ ಕೋಣೆಯಲ್ಲಿ ಲೇತಿನ ಮುಂದೆ ನಿಂತರೆ ಪರಮ ಜಿಪುಣ. ಅಳತೆ ಒಂದಿಷ್ಟು ಹೆಚ್ಚಾದರೂ ಊಟಕ್ಕೆ ಬರುತ್ತಿರಲಿಲ್ಲ. "ಬಂದೆ, ಕೂದಲೆಳೆಯಷ್ಟು ಉಳಿದಿದೆ" ಎಂದು ಒಳಗಿಂದಲೇ ಕೂಗುವುದು. ಇದನ್ನು ಕೇಳಿ ಕೇಳಿ ಬೀದಿಯವರು ಅವರಿಗೆ ಕೂದಲೆಳೆ ಎಂದೇ ಹೆಸರಿಟ್ಟರು. ತಲೆ ಮೇಲೆ ಹುಡುಕಿದರೂ ಒಂದು ಕೂದಲು ಸಿಗದ ಮನುಷ್ಯನಿಗೆ!

ಲೇತು ಅಂದರೆ ಲೋಹದ ತುಂಡನ್ನು ಗಟ್ಟಿಯಾಗಿ ಹಿಡಿದು ಗಿರಗಿರ ತಿರುಗಿಸುವ ಯಂತ್ರ. ತಿರುಗುವ ತುಂಡಿಗೆ ಹರಿತವಾದ ಉಳಿ ತಾಗಿಸಿದರೆ ಹಣ್ಣಿನ ಸಿಪ್ಪೆ ಸುಲಿದ ಹಾಗೆ ಲೋಹ ಸುರುಳಿ ಸುರುಳಿಯಾಗಿ ಬಿಚ್ಚಿಕೊಳ್ಳುತ್ತದೆ. ಯಾವುದೋ ಕಾರ್ಖಾನೆ ಬಾಗಿಲು ಹಾಕಿದಾಗ ಭಾವ ಅದನ್ನು ಬಿಡಿಬಿಡಿಯಾಗಿ ಹೊತ್ತು ತಂದು ತಾವೇ ಜೋಡಿಸಿದರು. ಮೊದಲು ಮರದ ಮೇಜಿನ ಮೇಲೆ ಕೂರಿಸಿದ್ದರು. ಓಡಿಸಿದರೆ ಪಕ್ಕದ ಅಡುಗೆಮನೆಯ ತಟ್ಟೆ ಲೋಟಗಳೆಲ್ಲ ಜಗಳಕ್ಕೆ ಬೀಳುತ್ತಿದ್ದವು, ಕಡೆದ ಸರಳಿನ ಮೈಮೇಲೆ ಅಲೆಅಲೆಯಾಗಿ ಗೆರೆ ಏಳುತ್ತಿತ್ತು. ಭಾವ ಮೇಜು ತೆಗೆದು ಕಬ್ಬಿಣದ ಕಾಲು ಕೊಟ್ಟರು, ಆ ಕಾಲಿಗೆ ಕಾಂಕ್ರೀಟು ಸುರಿದರು. ನಡುಕ ನಿಂತುಹೋಯಿತು. "ಭಾರ ಕೊಟ್ರೆ ಎಂಥ ನಡುಕಾನೂ ಸುಮ್ಮನಾಗುತ್ತೆ ನೋಡಮ್ಮ" ಎಂದು ನನಗೆ ಆಗ ಹೇಳಿದ್ದರು. ಅದೇ ಮನೆಯ ಮಹಡಿಯ ಮೇಲಿನ ಕೋಣೆಯಲ್ಲಿ ಒಬ್ಬಳೇ ಇರುವ, ಲಾಂಡ್ರಿಯಲ್ಲಿ ಇಸ್ತ್ರಿ ಮಾಡಿ ಬದುಕುವ ನನಗೆ ಆ ಪಾಠ ಯಾತಕ್ಕೆ ಬೇಕಿತ್ತೋ.

ಅಲ್ಲಿ ಅವರು ಕಡೆದದ್ದಕ್ಕೆ ಲೆಕ್ಕವಿಲ್ಲ. ಯಾರದೋ ಗೇಟಿನ ತಿರುಗಣಿ, ಯಾರದೋ ಮಗುವಿನ ಗಾಡಿಯ ಗಾಲಿ, ಕನ್ನಡಕದ ಕಡಲೆಯಷ್ಟೂ ಇಲ್ಲದ ಸ್ಕ್ರೂ. ಬೆರಳುದ್ದದ ಒಂದು ಉಗಿ ಎಂಜಿನ್ ಕೂಡ ಮಾಡಿದ್ದರು, ದೀಪದ ಶಾಖಕ್ಕೆ ಪುಸುಪುಸು ಎಂದು ಓಡುತ್ತಿತ್ತು. ಅದೇ ವರ್ಷವೆಲ್ಲ ನಮ್ಮ ಬಚ್ಚಲಿನ ನಲ್ಲಿ ಸೋರುತ್ತಿತ್ತು. "ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದು ಅಕ್ಕ ಬಕೆಟ್ಟು ಇಡುತ್ತಲೇ ಹೇಳುವಳು. ಹಾಸಿಗೆಯಲ್ಲಿ, ಚಪ್ಪಲಿಯಲ್ಲಿ, ಹಿಟ್ಟಿನ ಡಬ್ಬದಲ್ಲಿ ಹಿತ್ತಾಳೆಯ ಸುರುಳಿ. ಬೈಯುವಳು, ಹೆಕ್ಕುವಳು. ಹೊರಗಿನವರು ಯಾರಾದರೂ ಭಾವನನ್ನು ಆಡಿಕೊಂಡರೆ ಮಾತ್ರ ಅವರ ಜನ್ಮ ಜಾಲಾಡಿಬಿಡುವಳು.

ಮೊದಲು ಅಕ್ಕನಿಗೆ ಸೂಜಿ ಕೈಕೊಟ್ಟಿತು. ದಾರ ಪೋಣಿಸಲಾಗದೆ ಕಣ್ಣನ್ನು ಬೈದಳು, ಕನ್ನಡಕ ಬದಲಾಯಿಸಿದಳು. ಹೊಸ ಕನ್ನಡಕದಲ್ಲಿ ಸ್ಪಷ್ಟವಾಗಿ ಕಂಡದ್ದು ಅವಳದೇ ಕೈ ನಡುಗುತ್ತಿರುವುದು. ನರದ ಡಾಕ್ಟರು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡಿದರು. ಕೆಲವರಿಗೆ ಹಿಡಿತಕ್ಕೆ ಬರುತ್ತದಂತೆ, ಕೆಲವರಿಗೆ ನಿಧಾನವಾಗುತ್ತದಂತೆ. ನಾನು ಬಿಡದೆ ಕೇಳಿದೆ.

"ವಾಸಿ ಆಗುತ್ತಾ, ಅದು ಹೇಳಿ."

"ವಾಸಿ ಅಂತ ಅಲ್ಲ... ಮಾತ್ರೆ ತಪ್ಪಿಸಬೇಡಿ" ಎಂದರು.

ಭಾವ ಡಾಕ್ಟರ ಮೇಜಿನ ಮೇಲಿದ್ದ ಅಕ್ಕನ ಕೈಯನ್ನೇ ನೋಡುತ್ತಿದ್ದರು. ಕೆಟ್ಟ ಯಂತ್ರವನ್ನು ನೋಡುವಾಗ ಅವರ ಮುಖ ಹಾಗೆಯೇ ಇರುತ್ತಿತ್ತು.

ಅಕ್ಕ ಹೊಲಿಗೆ ಮೆಷಿನ್ನಿಗೆ ಬಟ್ಟೆ ಮುಚ್ಚಿದಳು. ಅತ್ತಳೋ ಇಲ್ಲವೋ ನನಗೆ ತಿಳಿಯಲಿಲ್ಲ. ಆದರೆ ಊಟದ ವಿಷಯದಲ್ಲಿ ಮಾತ್ರ ಹಟ ಹಿಡಿದಳು. ಚಮಚ ಬಾಯಿಗೆ ಹೋಗುವಷ್ಟರಲ್ಲಿ ಅರ್ಧ ಗಂಜಿ ಎದೆ ಮೇಲೆ, ಇನ್ನರ್ಧ ನೆಲದ ಮೇಲೆ. ನಾನು ಸಹಾಯಕ್ಕೆ ಕೈ ಚಾಚಿದರೆ ಕೆಂಡದಂಥ ಕೋಪ.

"ಹೊಲಿಗೆ ಹೋಯ್ತು, ಹೋಗಲಿ. ಉಣ್ಣೋದು ಮಾತ್ರ ನನ್ನ ಕೈಯಿಂದಲೇ. ನನಗೆ ತಿನ್ನಿಸಕ್ಕೆ ಬಂದ್ರೆ ಬೆರಳು ಕಚ್ಚಿಬಿಡ್ತೀನಿ, ನೋಡ್ತಾ ಇರು."

ಅವಳು ಕಚ್ಚುವವಳೇ. ಚಿಕ್ಕವಳಿದ್ದಾಗ ನನ್ನನ್ನು ಕಚ್ಚಿದ್ದಾಳೆ. ಅದಕ್ಕೇ ಕೈ ಹಿಂದಕ್ಕೆ ತೆಗೆದುಕೊಂಡೆ.

ಭಾವ ಲೇತಿನ ಕೋಣೆ ಸೇರಿದರು. ಹೊರಗೆ ಬಂದಾಗ ಅವರ ಕೈಯಲ್ಲಿ ಹಿತ್ತಾಳೆಯ ಹಿಡಿಯ ಒಂದು ಚಮಚ. ಹಿಡಿ ಹೆಬ್ಬೆರಳಿನಷ್ಟು ದಪ್ಪ, ಒಳಗೆ ಕೊರೆದು ಸೀಸ ತುಂಬಿದ್ದರು, ಬೆರಳು ಜಾರದಂತೆ ಮೈತುಂಬ ಸಣ್ಣ ಗೀರು. ಅಕ್ಕ ಅದನ್ನು ಹಿಡಿದು ಗಂಜಿಯಲ್ಲಿ ಅದ್ದಿ ಎತ್ತಿದಳು. ಕೈ ನಡುಗಿತು, ಚಮಚ ನಡುಗಲಿಲ್ಲ. ಒಂದು ತೊಟ್ಟೂ ಚೆಲ್ಲದೆ ಬಟ್ಟಲು ಖಾಲಿ ಮಾಡಿ, ಮದುವೆಯ ದಿನವೂ ನಗದ ಹಾಗೆ ನಕ್ಕಳು. ಭಾವ ಬಾಗಿಲಲ್ಲಿ ಎಣ್ಣೆ ಕೈ ಒರೆಸಿಕೊಳ್ಳುತ್ತ ನಿಂತಿದ್ದರು. ನನಗೂ ಕುಣಿಯುವಷ್ಟು ಸಂತೋಷ. ಡಾಕ್ಟರಿಗೆ ತೋರಿಸಿ ಬರೋಣ ಎಂದೆ.

ಆ ಸಂತೋಷ ಸ್ವಲ್ಪ ಕಾಲ ಉಳಿಯಿತು. ಆಮೇಲೆ ನಡುಕ ಮತ್ತೆ ತಲೆಯೆತ್ತಿತು. ಭಾವ ಅದಕ್ಕಿಂತ ಭಾರದ ಚಮಚ ಕಡೆದರು. ನಡುಕ ತಗ್ಗಿತು. ಮತ್ತೆ ಎದ್ದಿತು. ಅವರು ಇನ್ನೂ ಭಾರದ್ದು ಕಡೆದರು. ಬಟ್ಟೆ ಅಂಗಡಿಯಿಂದ ಬಂದವರು ಕಾಫಿ ಕುಡಿಯುವಷ್ಟೂ ನಿಲ್ಲದೆ ಒಳಗೆ ಹೋಗುತ್ತಿದ್ದರು. ಗೋಡೆಯಾಚೆಯಿಂದ ಉಳಿ ಲೋಹ ಸುಲಿಯುವ ಸದ್ದು ಬಂದರೆ ಅಕ್ಕ ಕುರ್ಚಿಯಲ್ಲಿ ಕೂತು ಕೇಳುತ್ತಿದ್ದಳು. ಊಟ ಕಡಿಮೆಯಾಗಿತ್ತು. ಕೇಳಿದರೆ "ಕೂತಲ್ಲೇ ಕೂತಿರೋಳಿಗೆ ಎಷ್ಟು ಬೇಕೆ? ಹೊಟ್ಟೆ ತುಂಬ್ತು" ಎನ್ನುವಳು. ಅವಳ ಬಟ್ಟೆಗಳನ್ನು ನಾನು ಒಳಗಿನಿಂದ ಹಿಡಿದು ಹೊಲಿದೆ. ತಿರುಗಿ ಸಡಿಲವಾದವು.

ಒಂದು ಬೆಳಿಗ್ಗೆ ಪಾತ್ರೆ ತೊಳೆಯುತ್ತ ಹೊಸ ಚಮಚವನ್ನು ಎತ್ತಿದೆ. ದಿನವಿಡೀ ಇಸ್ತ್ರಿಪೆಟ್ಟಿಗೆ ಆಡಿಸುವ ಕೈ ನನ್ನದು, ಆ ಕೈಗೇ ಅದು ಭಾರವಾಯಿತು. ಮೈಯೆಲ್ಲ ಉರಿದುಹೋಯಿತು. ಸೋಪಿನ ಕೈಯಲ್ಲೇ ಲೇತಿನ ಕೋಣೆಗೆ ನುಗ್ಗಿದೆ.

"ಭಾವ, ಇದೇನು ಚಮಚಾನಾ, ಸುತ್ತಿಗೇನಾ? ಗೋಡೆಗೆ ಮೊಳೆ ಹೊಡೀಬಹುದು ಇದ್ರಲ್ಲಿ! ಅಕ್ಕ ಹೇಗೆ ಎತ್ತಬೇಕು?"

ಅವರು ಯಂತ್ರ ನಿಲ್ಲಿಸಿ ನನ್ನ ಕೈಯಿಂದ ಅದನ್ನು ತೆಗೆದುಕೊಂಡು ಬೆರಳ ಮೇಲೆ ತೂಗಿ ನೋಡಿದರು. ನನಗೆ ಉತ್ತರವೂ ಸಿಕ್ಕಿತು.

"ನೀನು ಹೇಳೋದು ಸರಿ ಇದೆಯಮ್ಮ. ಭಾರ ಮುಂದಕ್ಕೆ ಬಿದ್ದಿದೆ. ಹಿಂದಕ್ಕೆ ತಗೊಂಡ್ರೆ ಸರಿಹೋಗುತ್ತೆ. ಲೇತಿಗೂ ಮೊದಲು ಹಾಗೇ ಆಗಿತ್ತು."

"ಅಕ್ಕ ಲೇತಲ್ಲ ಭಾವ!"

"ಗೊತ್ತಮ್ಮ" ಎಂದು ಮತ್ತೆ ಯಂತ್ರ ಓಡಿಸಿದರು. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು.

ಅಕ್ಕನಾದರೂ ನನ್ನ ಕಡೆ ನಿಲ್ಲುವಳೆಂದುಕೊಂಡರೆ ಅವಳು ನನ್ನನ್ನೇ ಗದರಿದಳು.

"ನಿಂಗ್ಯಾಕೆ ಬೇಕಿತ್ತು ಆ ಉಸಾಬರಿ? ಚೆನ್ನಾಗಿದೆ ಚಮಚ."

"ಎತ್ತಕ್ಕೆ ಆಗುತ್ತಾ ನಿನಗೆ?"

ಅವಳು ಗೋಡೆಯ ಕಡೆ ನೋಡಿದಳು. ಆಚೆ ಲೇತು ಓಡುತ್ತಿತ್ತು.

"ಎರಡು ಸಲ ಎತ್ತೋವರೆಗೆ ಆಗುತ್ತೆ. ಆಮೇಲೆ ತೋಳು ಬಿದ್ದುಹೋಗುತ್ತೆ. ಆದ್ರೆ ಅವರು ಇನ್ನೇನು ಮಾಡ್ತಾರೆ ಹೇಳು? ಡಾಕ್ಟರು ಕೈ ಚೆಲ್ಲಿ ಕೂತಿದಾರೆ. ಇವರಿಗೆ ಇರೋದು ಅದೊಂದು ಕೋಣೆ. ಅದೂ ಕೆಲಸಕ್ಕೆ ಬಾರದು ಅಂತ ಆಗಿಬಿಟ್ರೆ ಅವರು ಎಲ್ಲಿಗೆ ಹೋಗ್ತಾರೆ?"

ನನಗೆ ಇಬ್ಬರಿಗೂ ಕೆನ್ನೆಗೆ ಎರಡೆರಡು ಬಿಗಿಯಬೇಕು ಅನ್ನಿಸಿತು, ಇಬ್ಬರನ್ನೂ ತಬ್ಬಿಕೊಂಡು ಅಳಬೇಕು ಅಂತಲೂ ಅನ್ನಿಸಿತು. ಎರಡನ್ನೂ ಮಾಡದೆ ಲಾಂಡ್ರಿಗೆ ಹೋಗಿ ಯಾರದೋ ಅಂಗಿಯ ಕಾಲರು ಸುಟ್ಟೆ.

ರಜೆಯ ದಿನ ಮಧ್ಯಾಹ್ನ ಭಾವ ಹೊಸ ಚಮಚ ತಂದು ಊಟದ ಮೇಜಿನ ಮೇಲಿಟ್ಟರು. ಅಂಥ ಕೆಲಸ ಅವರು ಜೀವನದಲ್ಲೇ ಮಾಡಿರಲಿಲ್ಲ. ಹಿಡಿಯ ಸುತ್ತ ಹಿತ್ತಾಳೆಯ ಬಳೆಗಳು. ಒಂದೊಂದನ್ನೂ ತಿರುಗಿಸಿ ಹಾಕಬಹುದು, ತಿರುಗಿಸಿ ತೆಗೆಯಬಹುದು. ಭಾರ ಹೆಚ್ಚು ಕಡಿಮೆ ಮಾಡಿಕೊಳ್ಳಲು ಇನ್ನು ಹೊಸದು ಕಡೆಯುವ ಅಗತ್ಯವೇ ಇಲ್ಲವೆಂದು ಅವರ ಲೆಕ್ಕಾಚಾರ. ಎಲ್ಲ ಬಳೆಗಳನ್ನೂ ಹಾಕಿ ಅಕ್ಕನ ಕೈಗೆ ಕೊಟ್ಟು ಎದುರಿಗೆ ಕೂತರು. ಅಕ್ಕ ಅದನ್ನು ಗಂಜಿಯ ಬಟ್ಟಲಿಗೆ ಇಳಿಸಿದಳು. ಚಮಚ ಒಂದಿಷ್ಟೂ ಅಲುಗಲಿಲ್ಲ.

"ನೋಡಿದ್ಯಾ!" ಭಾವನ ಮುಖ ಅರಳಿತು. "ನಡುಕಾನೇ ಇಲ್ಲ! ನೋಡಮ್ಮ, ನೀನೂ ನೋಡು!"

ನೋಡಿದೆ. ನಡುಕ ಇರಲಿಲ್ಲ ನಿಜ. ಚಮಚ ಮೇಲಕ್ಕೇ ಏಳುತ್ತಿರಲಿಲ್ಲ.

"ಎತ್ತು" ಎಂದರು ಭಾವ.

"ಎತ್ತುತ್ತೀನಿ, ಇರಿ" ಎಂದಳು. ಅವಳ ಕತ್ತಿನ ನರ ಬಿಗಿದು ನಿಂತಿತ್ತು. ಕೊನೆಗೆ "ಹಸಿವಿಲ್ಲ ಕಣ್ರೀ, ಆಮೇಲೆ ತಿಂತೀನಿ" ಎಂದಳು.

ಇಷ್ಟು ದಿನ ಭಾವ ನೋಡುತ್ತಿದ್ದದ್ದು ಚಮಚದ ತುದಿಯನ್ನು. ಅಲ್ಲಿ ಗಂಜಿ ತುಳುಕುತ್ತದೋ ಇಲ್ಲವೋ, ಅಷ್ಟೇ. ಆವತ್ತು ಅವರ ಕಣ್ಣು ಹಿಡಿಯನ್ನು ದಾಟಿ, ಮಣಿಕಟ್ಟನ್ನು ದಾಟಿ ತೋಳಿನವರೆಗೆ ಹೋಯಿತು. ತೋಳಲ್ಲಿ ಮಾಂಸವೇ ಉಳಿದಿರಲಿಲ್ಲ. ಅವರ ಮುಖದ ರಕ್ತ ಇಳಿದುಹೋದದ್ದು ನನಗೆ ಕಂಡಿತು.

ಒಂದು ಬಳೆ ಬಿಚ್ಚಿದರು. ಚಮಚ ಬಟ್ಟಲಿನ ಅಂಚಿನವರೆಗೆ ಬಂದು ಕೂತಿತು. ಇನ್ನೊಂದು ಬಿಚ್ಚಿದರು. ಎದೆಯವರೆಗೆ ಬಂತು, ಅಷ್ಟರಲ್ಲಿ ಮೊಣಕೈ ಕುಸಿಯಿತು. ಮತ್ತೊಂದು ಬಿಚ್ಚಿದರೆ ನಡುಕ ಹತ್ತಿ ಗಂಜಿಯೆಲ್ಲ ಮಡಿಲಿಗೆ ಬಿತ್ತು. ಆ ಬಳೆಯನ್ನು ತಿರುಗಿ ಹಾಕಿದರು, ಬೇರೆಯದನ್ನು ತೆಗೆದರು. ಅವರು ಹೇಳಿದ ಹಾಗೆಲ್ಲ ಅಕ್ಕ ಎತ್ತಿದಳು, ಶಾಲೆಯ ಮಗುವಿನ ಹಾಗೆ. ಹಗುರವಾದರೆ ಚೆಲ್ಲುತ್ತಿತ್ತು, ಭಾರವಾದರೆ ಏಳುತ್ತಿರಲಿಲ್ಲ. ದಪ್ಪಕ್ಕೂ ತೆಳುವಿಗೂ ನಡುವೆ ಸರಿಯಾದ ಒಂದು ಅಳತೆ ಇದ್ದೇ ಇರುತ್ತದೆ, ತಾಳ್ಮೆಯಿಂದ ಸುಲಿಯುತ್ತ ಹೋದರೆ ಸಿಕ್ಕೇ ಸಿಗುತ್ತದೆ ಎಂದು ನಂಬಿ ಬದುಕಿದ ಮನುಷ್ಯ ಅವರು.

"ನಡುವೆ ಒಂದಿರುತ್ತೆ. ಇರಲೇಬೇಕು" ಎನ್ನುತ್ತ ಎದ್ದರು. "ಅರ್ಧ ಬಳೆ ಕಡೀತೀನಿ. ಈಗ ಬಂದೆ."

"ಕೂತ್ಕೊಳ್ರೀ" ಎಂದಳು ಅಕ್ಕ. "ಇಲ್ಲ ಅಂಥದ್ದು. ನಾನೂ ಎಷ್ಟು ದಿನದಿಂದ ಹುಡುಕ್ತಾ ಇದೀನಿ."

ಭಾವ ನಿಂತೇ ಇದ್ದರು. ಕಾಲು ಹಿಂದಿನ ಕೋಣೆಯ ಕಡೆ ತಿರುಗಿತ್ತು, ಮುಖ ಅವಳ ಕಡೆ.

"ನಂಗೆ ಹಸಿವಾಗಿದೆ" ಎಂದಳು ಅಕ್ಕ. "ನೀವೇ ತಿನ್ನಿಸಿ."

ನಾನು ಅಡುಗೆಮನೆಯಿಂದ ಮಾಮೂಲಿ ಚಮಚವೊಂದನ್ನು ತಂದು ಭಾವನ ಕೈಗಿಟ್ಟೆ. ಯಾರಿಗೂ ತಿನ್ನಿಸಿ ಗೊತ್ತಿಲ್ಲದ ಮನುಷ್ಯ. ಮೊದಲ ತುತ್ತು ತೀರಾ ಸಣ್ಣದಾಯಿತು, ಎರಡನೆಯದು ಗಲ್ಲಕ್ಕೆ ತಾಗಿತು. ಅಕ್ಕ ಕಣ್ಣು ಮುಚ್ಚಿಕೊಂಡು ನುಂಗುತ್ತಿದ್ದಳು. ಮುಚ್ಚಿದ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಭಾವ ಅವಳ ಬಾಯನ್ನು ಒರೆಸಿದರು, ಕಣ್ಣು ಒರೆಸುವ ಧೈರ್ಯ ಅವರಿಗಾಗಲಿಲ್ಲ. ಬಟ್ಟಲು ಮುಗಿಯಿತು. ನಾನು ಮತ್ತೆ ಬಡಿಸಿದೆ, ಅದೂ ಮುಗಿಯಿತು. ನನ್ನ ಪಾಲನ್ನೂ, ಭಾವನ ಪಾಲನ್ನೂ ಅದೇ ಬಟ್ಟಲಿಗೆ ಸುರಿದೆ, ಪಾತ್ರೆ ಬರಿದಾಯಿತು. ಅವಳು ತಿನ್ನುತ್ತಲೇ ಇದ್ದಳು. ಒಂದೊಂದು ತುತ್ತಿಗೂ ಭಾವನ ತಲೆ ತಗ್ಗುತ್ತ ಹೋಯಿತು, ಎಷ್ಟು ದಿನದ ಹಸಿವು ಅದು ಎಂದು ಅವರಿಗೆ ಈಗ ತಿಳಿಯುತ್ತಿತ್ತು.

"ಪಾತ್ರೇಲಿ ಇನ್ನೂ ಇದೆಯೇನೆ?" ಎಂದು ಅಕ್ಕ ಕಣ್ಣು ತೆರೆಯದೆ ಕೇಳಿದಳು.

"ಇದೆ ಕಣೆ, ಬೇಕಾದಷ್ಟಿದೆ" ಎಂದು ಹೇಳಿ, ಸದ್ದಾಗದಂತೆ ಹೋಗಿ ಒಲೆ ಹಚ್ಚಿದೆ.