ಒಲೆಯ ಮೇಲೆ ಒಣಗಿದ ಸೊನೆ

ಚಂದಕವಾಡಿಯ ಚಿಕ್ಕನಿಂಗಮ್ಮನ ಬೆರಳ ತುದಿಯಲ್ಲಿ ಚರ್ಮವೇ ನಿಲ್ಲುತ್ತಿರಲಿಲ್ಲ. ದೊಡ್ಡಮಲ್ಲಪ್ಪನ ತೋಟದಲ್ಲಿ ಹಸಿ ಪರಂಗಿಕಾಯಿ ಗೀರಿ ಸೊನೆ ಇಳಿಸುವ ಹನ್ನೊಂದು ಹೆಂಗಸರಿಗೆ ಅವಳೇ ಮುಂದಾಳು. ಮೂರು ವರ್ಷದಿಂದ ಆ ಸೊನೆ ಅವಳ ಕೈಯನ್ನು ತಿನ್ನುತ್ತಿತ್ತು. ಆ ತಿನ್ನುವ ಗುಣಕ್ಕೇ ಔಷಧಿ ಕಂಪನಿಯವರು ಅದನ್ನು ಕೊಳ್ಳುತ್ತಿದ್ದದ್ದು.

ತೊಂಬತ್ನಾಲ್ಕರ ಜನವರಿಯ ಒಂದು ಬೆಳಿಗ್ಗೆ ಕಂಪನಿಯ ರಾಜಶೇಖರ್ ಬಂದು, ಒಣಗಿಸಿಟ್ಟ ಸೊನೆಪುಡಿಯನ್ನು ಉಗುರುಬೆಚ್ಚಗಿನ ಹಾಲಿಗೆ ಹಾಕಿ ವಾಚು ನೋಡಿದ. ಎರಡು ನಿಮಿಷಕ್ಕೆ ಮೊಸರಿನಂತೆ ಕಟ್ಟಬೇಕಿದ್ದ ಹಾಲು ಹತ್ತು ನಿಮಿಷವಾದರೂ ಹಾಲಾಗಿಯೇ ಇತ್ತು.

“ಮೈದಾ ಬೆರೆಸಿದ್ದೀರಿ. ಕಲಬೆರಕೆ ಅಂತ ಬರೀತೀನಿ,” ಎಂದು ತನ್ನ ಪುಸ್ತಕದಲ್ಲಿ ಗೀಚಿದ.

ದೊಡ್ಡಮಲ್ಲಪ್ಪ ತಿರುಗಿದ್ದು ಚಿಕ್ಕನಿಂಗಮ್ಮನ ಮೇಲೆ. “ಉಂಡ ಮನೆ ಜಂತೆ ಎಣಿಸ್ಬುಟ್ರಲ್ಲಮ್ಮಿ! ನಾಳಿಂದ ಒಬ್ಳೂ ಈ ಬೇಲಿ ದಾಟಂಗಿಲ್ಲ.”

ಕೂಲಿಯವಳನ್ನು ಕಳ್ಳಿ ಅನ್ನಲು ಸಾಕ್ಷಿ ಬೇಡ, ಬಾಯಿದ್ದರೆ ಸಾಕು. ಆ ಮಾತೊಂದು ಹರಡಿದರೆ ಕುದೇರಿನವರೆಗೂ ಯಾವ ತೋಟದವನೂ ಈ ಹೆಂಗಸರನ್ನು ಕೆಲಸಕ್ಕೆ ಕರೆಯುವುದಿಲ್ಲ. ಚಿಕ್ಕನಿಂಗಮ್ಮನಿಗೆ ಅದು ಗೊತ್ತಿತ್ತು.

“ಮೈದಾ ಬುಟ್ಟು ಸೊನೆ ಬ್ಯಾರೆ ಯಾತಕ್ಕೂ ಕೆಡಕಿಲ್ವ ಸ್ವಾಮಿ?” ಎಂದು ರಾಜಶೇಖರನನ್ನು ಕೇಳಿದಳು.

“ಕೆಡುತ್ತಮ್ಮ. ಸೊನೇಲಿ ಎಂಜೈಮ್ ಇರುತ್ತೆ, ಪುಸ್ತಕದಲ್ಲಿ ಕಿಣ್ವ ಅಂತಾರೆ. ಕತ್ತರಿ ಇದ್ದಂಗೆ. ಹಾಲಿನ ಸತ್ವ ಕತ್ತರಿಸುತ್ತೆ, ಆಗ ಹಾಲು ಕಟ್ಟುತ್ತೆ. ತಾನು ಸವೆಯಲ್ಲ. ಆದ್ರೆ ಕಾವು ಜಾಸ್ತಿಯಾದ್ರೆ ಕತ್ತರಿ ಸೊಟ್ಟಗಾಗುತ್ತೆ, ಆಮೇಲೆ ಕತ್ತರಿಸೋದೇ ಇಲ್ಲ. ಕಬ್ಬಿಣ ತಾಗಿದ್ರೂ ಕೆಡುತ್ತೆ.”

ಅವಳು ತೋಟದ ಮೂಲೆಯಲ್ಲಿದ್ದ, ಅರಿಶಿನ ಬೇಯಿಸುವ ಕೊಪ್ಪರಿಗೆಯ ಕಡೆ ನೋಡಿದಳು. ಹೋದ ವಾರ ಮೋಡ ಮುಚ್ಚಿ ಸೊನೆ ಒಣಗದಿದ್ದಾಗ, ತಟ್ಟೆಗಳನ್ನೆಲ್ಲ ಆ ಒಲೆಯ ಮೇಲಿನ ಅಟ್ಟಕ್ಕೇರಿಸಿದ್ದರು. ಬೆಂದಷ್ಟೂ ಅರಿಶಿನ ಚೆನ್ನ, ಸೊನೆಯೂ ಹಾಗೇ ಎಂದುಕೊಂಡಿದ್ದರು. ಏರಿಸಿ ಎಂದವರು ಯಾರೆಂದು ಹನ್ನೊಂದು ಜನಕ್ಕೂ ಗೊತ್ತಿತ್ತು.

ಅವಳು ಒಂದು ಕಾಯಿ ಗೀರಿ ಸೊನೆ ಇಳಿಸಿದಳು. ಅರ್ಧವನ್ನು ನೀರಲ್ಲಿ ಕದಡಿ ಕೊತಕೊತ ಕುದಿಸಿ ಆರಿಸಿದಳು. ತೋಟದ ಮನೆಯಿಂದ ಎರಡು ಲೋಟ ಹಾಲು ಬಂತು. ಒಂದಕ್ಕೆ ಹಸಿ ಸೊನೆ, ಇನ್ನೊಂದಕ್ಕೆ ಕುದಿಸಿದ್ದು.

ಎರಡೂ ಕಟ್ಟಲಿಲ್ಲ.

“ಮುಗೀತಾ ನಾಟ್ಕ?” ದೊಡ್ಡಮಲ್ಲಪ್ಪ ನಕ್ಕ. ಜೊತೆಯ ಮರಿತಾಯಮ್ಮ ಸೆರಗು ಜಗ್ಗಿದಳು. “ಬಾರಕ್ಕ, ಇರೋ ಮಾನ ಉಳಿಸ್ಕೊಂಡು ಓಗನ.”

ಚಿಕ್ಕನಿಂಗಮ್ಮ ಲೋಟ ಮುಟ್ಟಿ ನೋಡಿದಳು. ಹಾಲು ಕೊರೆಯುತ್ತಿತ್ತು.

“ನೀವು ಬೆಚ್ಚಗಿನ ಆಲ್ಗಲ್ವ ಆಕಿದ್ದು ಸ್ವಾಮಿ? ಚಳೀಲಿ ನಮ್ ಕೈಯೇ ಓಡಕಿಲ್ಲ, ಅದ್ರ ಕೈ ಓಡದಾ?”

ಎರಡೂ ಲೋಟಗಳನ್ನು ಬೆಚ್ಚನೆ ನೀರಿನ ಪಾತ್ರೆಯಲ್ಲಿ ನಿಲ್ಲಿಸಿದಳು. ಸ್ವಲ್ಪ ಹೊತ್ತಿಗೆ ಹಸಿ ಸೊನೆಯ ಲೋಟವನ್ನು ಓರೆ ಮಾಡಿದಳು. ಗಡ್ಡೆ ಕಟ್ಟಿದ ಹಾಲು ಅಲುಗಲಿಲ್ಲ. ಕುದಿಸಿದ್ದು ನೀರಿನಂತೆ ಚೆಲ್ಲಿತು.

“ಮೈದಾ ಎಲ್ಲದ ಸ್ವಾಮಿ ಇದ್ರಾಗ? ಆ ಪುಡಿ ಅರಿಶಿನದ ಒಲೆ ಮ್ಯಾಲ ಒಣಗಿದ್ದು. ಇಡಿ ಅಂದೋರು ಯಾರು ಅಂತ ಬುದ್ಧಿಯೋರೇ ಯೋಳ್ಲಿ.”

ದೊಡ್ಡಮಲ್ಲಪ್ಪ ಟವಲ್ಲು ಕೊಡವಿ ಇನ್ನೊಂದು ಹೆಗಲಿಗೆ ಹಾಕಿಕೊಂಡ.

“ನಾನೇ ಕಣಮ್ಮಿ ಅಂದಿದ್ದು. ಅದಕ್ಯಾನೀಗ?”

“ಯಾನೂ ಇಲ್ಲ ಬುದ್ಧಿ. ಸ್ವಾಮಿ, ಈಗ ಸರಿಯಾಗಿ ಬರ್ದು ಗಟ್ಟಿಯಾಗಿ ಓದಿ. ನಂಗ ಅಕ್ಸರ ಬರಕಿಲ್ಲ, ಕಿವಿ ಕೇಳ್ತದ.”

ರಾಜಶೇಖರ್ ‘ಕಲಬೆರಕೆ’ಯನ್ನು ಹೊಡೆದುಹಾಕಿ, “ಕಾವು ಹೆಚ್ಚಾಗಿ ಕೆಟ್ಟಿದೆ” ಎಂದು ಬರೆದು ಓದಿದ. ಹಿಂದೆ ನಿಂತ ಹೆಂಗಸರಿಗೂ ಕೇಳಲೆಂದು ಅವಳು ಇನ್ನೊಂದು ಸಲ ಓದಿಸಿದಳು.