ಮೂವರ ಕೋಣೆಯಲ್ಲಿ ಆಡಿದ ಒಂದು ಕನ್ನಡ ಮಾತು

2013ರಲ್ಲಿ ನಾನು ಮ್ಯಾಂಚೆಸ್ಟರ್ ಸಮೀಪದ ಪಟ್ಟಣವೊಂದರಲ್ಲಿ ಜಿಪಿ, ಅಂದರೆ ಫ್ಯಾಮಿಲಿ ಡಾಕ್ಟರ್ ಆಗಿದ್ದೆ. ಜೊತೆಗೆ ಅಲ್ಲಿನ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಬೆಂಚ್ ಚೇರ್ಮನ್ ಕೂಡ. ಮನೆಯೊಳಗೆ ದಖನಿ ಉರ್ದು, ಹೊರಗೆ ಕನ್ನಡ ಆಡುತ್ತ ವಿಜಯಪುರದ ಗಲ್ಲಿಯಲ್ಲಿ ಬೆಳೆದ ಈ ನೂರ್‌ಜಹಾನ್ ಇಂಗ್ಲಿಷರ ಕೋರ್ಟಿನಲ್ಲಿ ನಡುವಿನ ಕುರ್ಚಿಯಲ್ಲಿ ಕೂರುತ್ತಿದ್ದಳು ಎಂಬುದನ್ನು ನನ್ನ ತಮ್ಮಂದಿರು ಇಂದಿಗೂ ಪೂರ್ತಿ ನಂಬಿಲ್ಲ.

ಇಲ್ಲಿನ ಮ್ಯಾಜಿಸ್ಟ್ರೇಟರು ಕಾನೂನು ಓದಿರಬೇಕೆಂದಿಲ್ಲ. ಅವರಿಗೆ ಸಂಬಳವೂ ಇಲ್ಲ. ಬೇರೆ ಬೇರೆ ಕೆಲಸ ಮಾಡುವ ಊರಿನ ಜನ ರೋಟಾ ಎಂಬ ಸರದಿ ಪಟ್ಟಿಯ ಪ್ರಕಾರ ಮೂವರು ಮೂವರಾಗಿ ಕೂತು ಸಣ್ಣ ಅಪರಾಧಗಳ ವಿಚಾರಣೆ ನಡೆಸುತ್ತಾರೆ. ಕಾನೂನು ಹೇಳಿಕೊಡಲು ಲೀಗಲ್ ಅಡ್ವೈಸರ್ ಇರುತ್ತಾರೆ. ಊರಿನ ಎಲ್ಲ ಮ್ಯಾಜಿಸ್ಟ್ರೇಟರು ಸೇರಿದರೆ ಅದೇ ಬೆಂಚ್. ಅದರ ಚೇರ್ಮನ್‌ರನ್ನು ವರ್ಷಕ್ಕೊಮ್ಮೆ ನಾವೇ ಗುಪ್ತ ಮತದಿಂದ ಆರಿಸುತ್ತಿದ್ದೆವು. ಮತ ಕೇಳುತ್ತ ತಿರುಗುವಂತಿರಲಿಲ್ಲ. ಒಂದು ವರ್ಷ ಮುಗಿಸಿದ್ದ ನಾನು ಎರಡನೆಯ ಸಲ ನಿಂತಿದ್ದೆ. ಸುಳ್ಳೇಕೆ ಹೇಳಲಿ, ಆ ಕುರ್ಚಿ ನನಗೆ ಬೇಕಿತ್ತು.

ವೀರಣ್ಣ ಪಾಟೀಲ ಬಾಗಲಕೋಟೆ ಕಡೆಯವನು, ಹತ್ತಿರದ ಬರ್ಚ್‌ವುಡ್‌ನಲ್ಲಿ ಎಂಜಿನಿಯರ್. ನನ್ನನ್ನು ಅಕ್ಕಾರ ಎನ್ನುತ್ತಿದ್ದ. ಮ್ಯಾಜಿಸ್ಟ್ರೇಟ್ ಆಗಲು ಅವನಿಂದ ಅರ್ಜಿ ಹಾಕಿಸಿದವಳು ನಾನು. ಮೊದಲ ವರ್ಷ ಮೆಂಟರ್ ಆಗಿ ಕೆಲಸ ಕಲಿಸಿದವಳೂ ನಾನೇ. 2013ರ ಬೇಸಿಗೆಯಲ್ಲಿ ಅವನಿಗೆ ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಶುರುವಾಗಿತ್ತು. ಅದನ್ನು ಬೆಂಚಿನಲ್ಲಿ ನನ್ನೊಬ್ಬಳಿಗೇ ಹೇಳಿದ್ದ.

"ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ ಅಕ್ಕಾರ. ಜಡ್ಡಿನ ಮನಷ್ಯಾ ಅಂತ ಮೂಲಿಗೆ ಕುಂಡ್ರಸ್ತಾರ."

ಅವನು ನನ್ನ ಪೇಷಂಟ್ ಅಲ್ಲ. ಆದರೂ ಡಾಕ್ಟರ್ ಎಂದು ನಂಬಿ ಹೇಳಿದ್ದ. ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಸೆಪ್ಟೆಂಬರ್‌ನ ಒಂದು ಬೆಳಗ್ಗೆ ರೋಟಾದಲ್ಲಿ ನಾವಿಬ್ಬರೂ ಇದ್ದೆವು. ಮೂರನೆಯವರು ಜೀನ್, ನಿವೃತ್ತ ಹೆಡ್‌ಮಿಸ್ಟ್ರೆಸ್. ನಮ್ಮೆದುರು ಬಂದವಳು ಮನೆಮನೆಗೆ ಹೋಗಿ ವೃದ್ಧರನ್ನು ನೋಡಿಕೊಳ್ಳುವ ಒಬ್ಬ ಕೇರ್ ವರ್ಕರ್. ವೇಗ ಮೀರಿ ಕಾರು ಓಡಿಸಿ ಅವಳ ಲೈಸೆನ್ಸಿನ ಮೇಲೆ ಹನ್ನೆರಡು ಪೆನಾಲ್ಟಿ ಪಾಯಿಂಟ್ ಕೂಡಿದ್ದವು. ಅಷ್ಟಾದರೆ ಆರು ತಿಂಗಳು ಕಾರು ಮುಟ್ಟುವಂತಿಲ್ಲ. ಅಸಾಧಾರಣ ತೊಂದರೆಯಾಗುತ್ತದೆ ಎಂದು ನಮಗೆ ಮನವರಿಕೆ ಮಾಡಿಕೊಟ್ಟರೆ ಮಾತ್ರ ವಿನಾಯಿತಿ.

ತೀರ್ಮಾನಕ್ಕೆಂದು ಹಿಂದಿನ ಕೋಣೆಗೆ ಹೋದೆವು. ಜೀನ್ ವಿನಾಯಿತಿ ಬೇಡ ಎಂದು ವಾದಿಸುತ್ತಿದ್ದರು. ಅಷ್ಟರಲ್ಲಿ ವೀರಣ್ಣನ ಕೈ ನಡುಗುವುದು ಕಂಡಿತು. ಹಣೆ ಬೆವರಿತ್ತು. ಶುಗರ್ ಇಳಿಯುತ್ತಿದೆ ಎಂದು ನನಗೆ ಗೊತ್ತಾಯಿತು. ಗುಟ್ಟು ಬಿಡಬಾರದೆಂದು ಕನ್ನಡದಲ್ಲಿ ಹೇಳಿದೆ: "ವೀರಣ್ಣ, ಮುಂಜಾನಿಂದ ಏನೂ ತಿಂದಿಲ್ಲೇನು? ಮೊದಲ ಚಹಾಕ್ಕ ನಾಕು ಚಮಚಾ ಸಕ್ಕರಿ ಹಾಕ್ಕೊಂಡು ಕುಡಿ."

"ಹೂಂರಿ ಅಕ್ಕಾರ," ಎಂದು ಅವನು ಕುಡಿದ. ಸ್ವಲ್ಪ ಹೊತ್ತಿಗೆ ಮುಖಕ್ಕೆ ಕಳೆ ಬಂತು. ಆಮೇಲೆ ಚರ್ಚೆ ಮುಂದುವರಿಸಿ, ಜೀನ್ ಒಪ್ಪದಿದ್ದರೂ ನಮ್ಮಿಬ್ಬರ ಬಹುಮತದಿಂದ ವಿನಾಯಿತಿ ಕೊಟ್ಟೆವು.

ಜೀನ್ ದೂರು ಕೊಟ್ಟರು. ಚೇರ್ಮನ್ ನನಗೆ ತಿಳಿಯದ ಭಾಷೆಯಲ್ಲಿ ಇನ್ನೊಬ್ಬ ಸದಸ್ಯರೊಡನೆ ಮಾತಾಡಿದರು, ಆಮೇಲೆ ಇಬ್ಬರೂ ಒಂದಾದರು ಎಂದು ಬರೆದಿದ್ದರು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಬರೆಯುತ್ತಿದ್ದೆ.

ಲೀಗಲ್ ಅಡ್ವೈಸರ್ ನಮ್ಮಿಬ್ಬರಿಂದ ಬರಹದಲ್ಲಿ ಉತ್ತರ ಕೇಳಿದರು. ಅದು ಸಹೋದ್ಯೋಗಿಯೊಬ್ಬರ ವೈಯಕ್ತಿಕ ವಿಷಯ, ಪ್ರಕರಣಕ್ಕೆ ಸಂಬಂಧವಿಲ್ಲ, ಹೆಚ್ಚಿನದನ್ನು ಅವರೇ ಹೇಳಬೇಕು ಎಂದು ನಾನು ಬರೆದೆ. ವೀರಣ್ಣ ಹೇಳುತ್ತಾನೆ ಎಂದು ನೆಮ್ಮದಿಯಾಗಿ ಮಲಗಿದೆ. ಒಂದು ಸಾಲು ಬರೆದರೆ ಸಾಕಿತ್ತು. ಅವನು ಬರೆದದ್ದೂ ಒಂದೇ ಸಾಲು: ಏನು ಮಾತಾಡಿದರೋ ನನಗೆ ನೆನಪಿಲ್ಲ.

ಆ ಕಾಗದವನ್ನು ಮೂರು ಸಲ ಓದಿದೆ. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರಲ್ಲ, ಬಂಗಾರವೆಲ್ಲ ಅವನ ಪಾಲಿಗೆ ಹೋಯಿತು. ದೂರಿನಿಂದ ನನಗೆ ಶಿಕ್ಷೆಯೇನೂ ಆಗಲಿಲ್ಲ, ಆದರೆ ಕೋರ್ಟಿನ ಕಾರಿಡಾರಿನಲ್ಲಿ ಎದುರಾದವರು ಗುಡ್ ಮಾರ್ನಿಂಗ್ ಹೇಳಿ ಬೇಗ ದಾಟತೊಡಗಿದರು. ನಾಮಪತ್ರದ ಕೊನೆಯ ದಿನ ನೋಟಿಸ್ ಬೋರ್ಡಿನಲ್ಲಿ ಇನ್ನೊಂದು ಹೆಸರು ಸೇರಿತ್ತು. ವೀರಣ್ಣ ಪಾಟೀಲ.

ಕಾರ್ ಪಾರ್ಕಿನಲ್ಲಿ ಅವನನ್ನು ನಿಲ್ಲಿಸಿದೆ. "ಖರೇನ ನೆನಪಿಲ್ಲೇನು?"

ಅವನು ಕಾರಿನ ಕೀ ನೋಡುತ್ತ ನಿಂತ. "ನೀವು ಹೆಂಗಿದ್ರೂ ಸೋಲಾವ್ರ ಅಕ್ಕಾರ. ನಮ್ಮಾವ್ರು ಒಬ್ರರ ಇರ್ಲಿ ಅಂತ ನಿಂತೀನಿ."

"ನಮ್ಮಾವ್ರು" ಎಂಬ ಮಾತಿಗೆ ಮೈಯೆಲ್ಲ ಉರಿಯಿತು. ನಾನು ಯಾರವಳು ಹಾಗಾದರೆ? ನಿನ್ನ ಸಕ್ಕರೆ ವಿಷಯ ಒಂದು ಮಾತಿನಲ್ಲಿ ಎಲ್ಲರೆದುರು ಹೇಳಬಲ್ಲೆ ಎಂದು ನಾಲಗೆ ತುದಿಗೆ ಬಂದಿತ್ತು. ನುಂಗಿಕೊಂಡೆ. ಅವನು ಒದ್ದದ್ದು ಹತ್ತಿದ ಏಣಿಯನ್ನು. ನಾನು ಕೊಟ್ಟ ಮಾತನ್ನು ನಾನೇ ಒದೆಯುವುದು ಬೇರೆ ಸಂಗತಿ. ಮತ ಎಣಿಸಿದಾಗ ಅವನು ಹನ್ನೊಂದು ಮತಗಳಿಂದ ಗೆದ್ದ. ನಾನೇ ಎದ್ದು ಹೋಗಿ ಕೈ ಕುಲುಕಿದೆ. ಅವನ ಕೈ ತಣ್ಣಗಿತ್ತು.

ಮುಂದಿನ ವಸಂತದಲ್ಲಿ ರೋಟಾ ನಮ್ಮ ಮೂವರನ್ನೂ ಮತ್ತೆ ಒಂದೇ ಬೆಂಚಿಗೆ ಹಾಕಿತು. ನಡುವಿನ ಕುರ್ಚಿಯಲ್ಲಿ ವೀರಣ್ಣ, ಎಡಕ್ಕೆ ಜೀನ್, ಬಲಕ್ಕೆ ನಾನು. ಊಟದ ಹೊತ್ತು ಮೀರಿತ್ತು. ಹಿಂದಿನ ಕೋಣೆಯಲ್ಲಿ ಕಾಗದ ಓದುತ್ತಿದ್ದ ಅವನ ದನಿ ತೊದಲಿತು, ಕೈ ನಡುಗಿತು. ನನ್ನ ಕಡೆ ನೋಡಿ ಮೆಲ್ಲಗೆ "ಅಕ್ಕಾರ..." ಎಂದ.

ನಾನು ಎದ್ದು ಚಹಾ ಬಸಿದು, ನಾಲ್ಕು ಚಮಚ ಸಕ್ಕರೆ ಹಾಕಿ ಕಲಕಿ ಅವನ ಮುಂದಿಟ್ಟೆ. ಅವನು ಒಂದೇ ಗುಟುಕಿಗೆ ಕುಡಿದ. ಜೀನ್ ಕಪ್ಪನ್ನು ನೋಡಿದರು, ಅವನ ಕೈ ನೋಡಿದರು, ಆಮೇಲೆ ನನ್ನನ್ನು.

"ಆ ದಿನ ನೀವು ಹೇಳಿದ್ದು ಇದನ್ನೇ ಏನು?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

ವೀರಣ್ಣ ತಲೆ ಎತ್ತಲಿಲ್ಲ. ಅವನು ಹೇಳಲಿ ಎಂದು ಕಾದೆ. ಅವನು ಕಾಗದದ ಹಾಳೆ ತಿರುವಿದ.

"ಚೇರ್ಮನ್ ಸಿದ್ಧರಿದ್ದರೆ ಪ್ರಕರಣ ಮುಂದುವರಿಸೋಣ," ಎಂದೆ, ಇಂಗ್ಲಿಷಿನಲ್ಲಿ.

ಸಂಜೆ ಜೀನ್ ಕೋಟು ತೊಡುತ್ತ ನನ್ನ ತೋಳು ಒತ್ತಿ ಕ್ಷಮೆ ಕೇಳಿದರು. ತಪ್ಪು ನಿಮ್ಮದಲ್ಲ ಎಂದೆ. ಮೂವರು ಸೇರಿ ತೀರ್ಪು ಕೊಡುವ ಕೋಣೆಯಲ್ಲಿ ಇಬ್ಬರಿಗಷ್ಟೇ ತಿಳಿಯುವ ಮಾತು ಆಡಬಾರದು, ಒಳ್ಳೆಯದಕ್ಕೂ ಆಡಬಾರದು. ಐದು ನಿಮಿಷ ಬಿಡುವು ಕೇಳಿ ಅವನನ್ನು ಹೊರಗೆ ಕರೆದೊಯ್ಯಬಹುದಿತ್ತು. ಆ ಕುರ್ಚಿ ನನಗೆ ಕಲಿಸಿದ್ದು ಇದು, ಕಲಿತದ್ದು ತಡವಾಗಿ. ವೀರಣ್ಣನನ್ನು ಮಾತ್ರ ನಾನು ಕ್ಷಮಿಸಿಲ್ಲ. ಅವನ ಗುಟ್ಟನ್ನು ಜೀನ್ ತಾವಾಗಿಯೇ ಕಂಡುಕೊಂಡರು, ನನ್ನ ಬಾಯಿಂದಲ್ಲ. ಅವನು ಬೆಂಚ್ ಬಿಟ್ಟು, ಊರೂ ಬಿಟ್ಟು ವರ್ಷಗಳಾದ ಮೇಲೆ ಇದನ್ನು ಬರೆಯುತ್ತಿದ್ದೇನೆ, ಅದೂ ಅವನ ಹೆಸರು ಬದಲಿಸಿ.