ಒಳಗೆ ಹೋದ ಪೆನ್ಸಿಲ್

‘ವೋಟರ್ ಲಿಸ್ಟಿಗೂ ಇದೇ ಅರ್ಜಿ ಸಾಕಾ?’

ಜಪಾನಿನ ನಗೋಯಾದ ಡ್ರೈವಿಂಗ್ ಲೈಸೆನ್ಸ್ ಕೌಂಟರಿನಲ್ಲಿ ನಾನು ಕೇಳಿದ್ದು ಇಷ್ಟೇ. ಪಕ್ಕದಲ್ಲಿದ್ದ ಮಗಳು ಸಿಂಚನಾ ಮಾಸ್ಕಿನೊಳಗೇ ಹಲ್ಲು ಕಡಿದಳು. ‘ಅಮ್ಮಾ, ಪ್ಲೀಸ್! ಇದು ಚಿಕ್ಕಮ್ಮನ ಅಮೆರಿಕಾ ಅಲ್ಲ.’

ಅಲ್ಲಿರುವ ನನ್ನ ತಂಗಿ ಹೇಳಿದ್ದಳು: ಅವಳ ಊರಿನಲ್ಲಿ ಲೈಸೆನ್ಸಿಗೆ ಅರ್ಜಿ ಹಾಕುವಾಗಲೇ ಮತದಾರರ ಪಟ್ಟಿಗೂ ಹೆಸರು ಸೇರಿಸಬಹುದಂತೆ. (‘ಸಿಟಿಜನ್ ಆಗಿರ್ಬೇಕು ಕಣೇ’ ಎಂದೂ ಹೇಳಿದ್ದಳು.) ಇಲ್ಲೇ ಹುಟ್ಟಿ, ಇಲ್ಲೇ ಹದಿನೆಂಟು ತುಂಬಿಸಿಕೊಂಡ ಮಗಳಿಗೆ ಏನೋ ಒಂದು ದಾರಿ ಇದ್ದೀತು ಎಂಬ ಆಸೆ ನನಗೆ.

ಗುಮಾಸ್ತೆ ತಲೆಬಾಗಿದಳು. ‘ಸುಮಿಮಾಸೆನ್, ಕ್ಷಮಿಸಿ. ಮತದಾನ ಜಪಾನಿನ ಪ್ರಜೆಗಳಿಗೆ ಮಾತ್ರ. ಅವರಿಗೆ ಅರ್ಜಿಯೂ ಬೇಡ, ಕಾರ್ಡ್ ಮನೆಗೇ ಬರುತ್ತೆ.’

ಚುನಾವಣೆ ಬಂತು. ಕಾರ್ಡ್ ಬಂದದ್ದು ಪಕ್ಕದ ಮನೆಯ ಕಾತೋ ಸಾನ್‌ಗೆ. ಕೋಲು ಹಿಡಿದು ನಡೆಯುವ ಒಂಟಿ ಅಜ್ಜಿ. ಕೊರೊನಾ ಶುರುವಾದಾಗಿನಿಂದ ಅವರ ತರಕಾರಿ, ಮಾತ್ರೆ ಎಲ್ಲ ತಂದುಕೊಡುವವಳು ಸಿಂಚನಾ. ಮತಗಟ್ಟೆಗೆ ಕರೆದೊಯ್ಯಲು ಕಾರು ತೆಗೆದವಳೂ ಅವಳೇ. ಹಿಂದಿನ ಸೀಟಿನಲ್ಲಿ ನಾನು.

‘ನಿಂದು ಫಸ್ಟ್ ವೋಟ್ ಅಲ್ವಾ? ಕಾರ್ಡ್ ಎಲ್ಲಿ?’ ಕಾತೋ ಸಾನ್ ಸಡಗರದಿಂದ ಕೇಳಿದರು.

‘ನಂಗೆ ಬರಲ್ಲ. ಪಾಸ್‌ಪೋರ್ಟ್ ಇಂಡಿಯಾದ್ದು.’

ಅಜ್ಜಿಗೆ ನಂಬಿಕೆಯೇ ಬರಲಿಲ್ಲ. ‘ನೀನು ಇಲ್ಲಿಯವಳೇ ಅಲ್ವೇನೇ!’

ಮತಗಟ್ಟೆ ಇದ್ದದ್ದು ಸಿಂಚನಾ ಓದಿದ ಪ್ರೈಮರಿ ಶಾಲೆಯಲ್ಲಿ. ಇಲ್ಲಿ ತರಗತಿಯ ಕಸ ಮಕ್ಕಳೇ ಗುಡಿಸಬೇಕು; ಆ ನೆಲವನ್ನು ಮಂಡಿಯೂರಿ ಒರೆಸಿದವಳು ನನ್ನ ಮಗಳು. ಬಾಗಿಲಲ್ಲಿದ್ದವರು ಅವಳನ್ನು ತಡೆದರು. ‘ಜೊತೆಗೆ ಬರೋರು ಹದಿನೆಂಟರೊಳಗಿನ ಮಕ್ಕಳಾದ್ರೆ ಪರವಾಗಿಲ್ಲ. ನಿಮಗೆಷ್ಟು?’

‘ಹದಿನೆಂಟು.’

ಕಳೆದ ವರ್ಷವಾಗಿದ್ದರೆ ಒಳಗೆ ಹೋಗಬಹುದಿತ್ತು! ದೊಡ್ಡವಳಾಗಿದ್ದೇ ತಪ್ಪಾಯಿತೇ?

‘ಪೌರತ್ವ ತಗೊಳ್ಳಿ’ ಎನ್ನುತ್ತೀರಿ. ತೆಗೆದುಕೊಂಡರೆ ಭಾರತದ್ದನ್ನು ಬಿಡಬೇಕು. ಸರಿ, ಭಾರತದಲ್ಲೇ ವೋಟು ಹಾಕೋಣವೆಂದರೆ ಪಾಸ್‌ಪೋರ್ಟ್ ಹಿಡಿದು ಖುದ್ದಾಗಿ ಬೆಂಗಳೂರಿನ ಬೂತಿಗೇ ಹೋಗಿ ನಿಲ್ಲಬೇಕು. ವಿಮಾನವೇ ಸರಿಯಾಗಿ ಹಾರದ ಈ ಕಾಲದಲ್ಲಿ! ಇನ್ನು ಇಲ್ಲಿನವರು? ಕೊರೊನಾ ಬಂದಾಗ ತಮ್ಮ ಪ್ರಜೆಗಳನ್ನು ಒಳಗೆ ಬಿಟ್ಟುಕೊಂಡು, ಹೊರಗೆ ಹೋಗಿದ್ದ ನಮ್ಮಂಥವರಿಗೆ ಗಡಿ ಮುಚ್ಚಿದರು. ಅದನ್ನು ಯಾರ ಹತ್ತಿರ ಕೇಳುವುದು? ತೆರಿಗೆ ಹಿಡಿಯುವಾಗ ಮಾತ್ರ ನಮ್ಮ ಪಾಸ್‌ಪೋರ್ಟಿನ ಬಣ್ಣ ಯಾರಿಗೂ ಕಾಣುವುದಿಲ್ಲ.

ಅಷ್ಟರಲ್ಲಿ ಕಾತೋ ಸಾನ್ ಚೀಲ ತಡಕಾಡಿದರು. ಇಲ್ಲಿ ಅಭ್ಯರ್ಥಿಯ ಹೆಸರನ್ನು ಪೆನ್ಸಿಲಿನಲ್ಲಿ ಬರೆಯಬೇಕು. ಸೋಂಕಿನ ಭಯಕ್ಕೆ ಪೆನ್ಸಿಲ್ ಮನೆಯಿಂದಲೇ ತನ್ನಿ ಎಂದಿದ್ದರು, ಅಜ್ಜಿ ಮರೆತಿದ್ದರು. ಸಿಂಚನಾ ತನ್ನದನ್ನು ತೆಗೆದುಕೊಟ್ಟಳು.

ಅವಳ ಪೆನ್ಸಿಲ್ ಒಳಗೆ ಹೋಯಿತು, ಮತವನ್ನೂ ಬರೆಯಿತು. ಅದಕ್ಕೆ ಪಾಸ್‌ಪೋರ್ಟ್ ಕೇಳಿದವರು ಯಾರು?